ಧಾರವಾಡ–ಹುಬ್ಬಳ್ಳಿ ಸೈಕಲ್ ದಾರಿಗೆ ಮಡಚಿ ಚೀಲದಾಗ ಹಿಡಿಯೂವಂಥ ಮಳಿ ಜರ್ಕಿನ್ ಯಾವ್ದು ತಗೊಳ್ಳಿ?

ಮಾಳಮಡ್ಡಿ ಸೈಕಲ್

ಎಲ್ಲಾರಿಗೂ ನಮಸ್ಕಾರ್ರಿ. ಪ್ರಶ್ನೆ ಸಣ್ಣದು, ಕಥಿ ಉದ್ದ ಐತಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಾ ಧಾರವಾಡದ ಮಾಳಮಡ್ಡಿಯಾಕಿ. ಕೆಲಸ ಹುಬ್ಬಳ್ಳಿ ವಿದ್ಯಾನಗರದ ಕಡೆ, ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನ್ಯಾಗ. ವಾರದಾಗ ಮೂರು ದಿನ ಸೈಕಲ್, ಉಳಿದ ದಿನ ಚಿಗರಿ ಬಸ್. ಒಂದು ಕಡೆಗೆ 17-18 ಕಿ.ಮೀ. ಆಗ್ತೈತಿ. ಬ್ಯಾಸಗಿ, ಥಂಡಿ ಎರಡೂ ಹೆಂಗೋ ನಡೀತಾವ. ಮಳಿಗಾಲ ಬಂತಂದ್ರ ತಲಿಬ್ಯಾನಿ. ಈ ದಾರ್ಯಾಗ ಓಡಾಡೋರಿಗೆ ಗೊತ್ತಿರ್ತೈತಿ, ಧಾರವಾಡದಾಗ ಜಿಟಿಜಿಟಿ ಹಿಡದಿರ್ತೈತಿ, ರಾಯಾಪುರ ದಾಟಿದ್ರ ರಸ್ತೆ ಒಣಾ ಒಣಾ, ಉಣಕಲ್ ಕೆರಿ ಹತ್ರ ಬಿಸಿಲು. ಒಂದು ತಾಸಿನ ದಾರ್ಯಾಗ ಕೋಟು ಹಾಕು, ತಗಿ, ಮತ್ತ ಹಾಕು.

ಇಲ್ಲೀತನಾ ನಮ್ಮ ಮನಿಯವರ ಸ್ಕೂಟರ್ ರೇನ್‌ಕೋಟ್ ಹಾಕ್ಕೋತಿದ್ದೆ. ದಪ್ಪ ರಬ್ಬರ್ ಹಚ್ಚಿದ್ದು, ಮಡಚಿದ್ರ ಒಂದು ತಲಿದಿಂಬಿನಷ್ಟ ಆಗ್ತೈತಿ. ಗಾಡಿ ಮ್ಯಾಲ ಸುಮ್ಮನ ಕುಂತವರಿಗೆ ಅದು ಭಾಳ ಚಲೋ. ಪೆಡಲ್ ತುಳಿಯೋರಿಗೆ ಇಡ್ಲಿ ಪಾತ್ರೆ. ಹ್ವಾದ ಶುಕ್ರವಾರ ಸಂಜೀಕ ವಾಪಸ್ ಬರೂಮುಂದ ನವಲೂರ ಹತ್ರ ಏರಿನ್ಯಾಗ ಒಂದು ಕೈ ಕೆಳಗ ಬಿಟ್ಟೆ ನೋಡ್ರಿ, ತೋಳಿನ ಒಳಗಿಂದ ನೀರು ಧಾರಿ ಹಿಡದು ಬಿತ್ತು. ಮಳಿ ಒಳಗ ಹೊಕ್ಕೈತಿ ಅಂತ ತಿಳಕೊಂಡೆ. ಮನಿಗೆ ಬಂದು ಪಡಸಾಲ್ಯಾಗ ನಿಂತು, ಮುಂಗೈ ಮ್ಯಾಲಿನ ನೀರಿಗೆ ನಾಲಿಗಿ ಹಚ್ಚಿ ನೋಡಿದೆ. ಉಪ್ಪು! ಲ್ಯಾಬಿನ ಚಟ, ಏನ್ ಮಾಡೂದು. ನಮ್ಮ ಅತ್ತಿ ಅಡಗಿ ಮನಿ ಬಾಗಲದಾಗ ನಿಂತು ನೋಡಿದವ್ರು, "ಹಸಿವಾಗಿದ್ರ ಅವಲಕ್ಕಿ ಕಲಸ್ತೀನಿ, ಕೈ ಯಾಕ ನೆಕ್ಕಾಕತ್ತೀ?" ಅಂದ್ರು.

ಈಗ ನನಗ ಬೇಕಾಗಿದ್ದು ಇಷ್ಟ. ಹ್ಯಾಂಡಲ್ ಚೀಲದಾಗ ಊಟದ ಡಬ್ಬಿ, ಪಂಕ್ಚರ್ ಸಾಮಾನು ಇಟ್ಟು ಉಳದ ಮೂಲ್ಯಾಗ ಹಿಡಿಯೂವಂಥಾ ಜರ್ಕಿನ್, ಮೂರು ಸಾವಿರದ ಒಳಗ. ಅಂಗಡಿಗೆ ಹೋದ್ರ "ಫುಲ್ ವಾಟರ್‌ಪ್ರೂಫ್ ಮೇಡಮ್" ಅಂತಾರ, ಅದಕ್ಕಿಂತ ಮುಂದ ಬಾಯಿ ಬಿಡೂದಿಲ್ಲ. ಇಂಟರ್ನೆಟ್ಟಿನ್ಯಾಗ ನೋಡಿದ್ರ 5,000, 10,000, 20,000 ಅಂತ ಅಂಕಿ. ಎರಡು ಲೇಯರ್, ಎರಡೂವರಿ ಲೇಯರ್, ಮೂರು ಲೇಯರ್. ಅರ್ಧ ಲೇಯರ್ ಅಂದ್ರ ಏನ್ರಿ, ಅರ್ಧ ಚಪಾತಿ ಇದ್ದಂಗ? ಹಾಕ್ಕೊಂಡು ತಿರಿಗ್ಯಾಡಿದವರು ಹೇಳ್ರಿ.

ಉಣಕಲ್ ದಂಡಿ

ಅಕ್ಕಾರ, ಜರ್ಕಿನ್ ಹುಚ್ಚು ಬಿಡ್ರಿ. ದುರ್ಗದಬೈಲದಾಗ ಫುಟ್‌ಪಾತ್ ಮ್ಯಾಲ ತಲಿ ಮ್ಯಾಲಿಂದ ಸಡಲಾಗಿ ಇಳಿಬಿಡೂ ಪ್ಲಾಸ್ಟಿಕ್ ಪಾಂಚೋ ಸಿಗ್ತಾವ, ಒಂದೊತ್ತಿನ ಊಟದ ರೊಕ್ಕದಾಗ ಬರ್ತೈತಿ. ಕೆಳಗಿಂದ ಗಾಳಿ ಆಡ್ತೈತಿ, ಬೆವರೂದಿಲ್ಲ. ಹರದ್ರ ಇನ್ನೊಂದು. ಎರಡು ಮಳಿಗಾಲ ಹಂಗ ನಡಿಸೀನಿ.

ಗದಗಿನ ಗಾಳಿ

ದಂಡಿ ಅಣ್ಣಾ, ನೀವು ಕೆರಿ ಸುತ್ತ ಹೊಡಿಯೋರು, ನಿಮಗ ನಡೀತೈತಿ. ಪಿ.ಬಿ. (ಪುಣೆ–ಬೆಂಗಳೂರು) ರೋಡಿನ್ಯಾಗ ಬಾಜೂಕ ಲಾರಿ ಹಾದ್ರ ಪಾಂಚೋ ಗಾಳಿಪಟದಂಗ ಏಳ್ತೈತಿ. ನನಗ ಒಮ್ಮೆ ಮುಂದಿನ ಸೆರಗು ಎದ್ದು ಸೀದಾ ಮಾರಿಗೆ ಅಂಟಿತ್ತು. ಎರಡು ಸೆಕೆಂಡ್ ಏನೂ ಕಾಣಲಿಲ್ಲ, ಹಿಂದ ಬಸ್ಸಿನ ಹಾರ್ನ್ ಅಷ್ಟ ಕೇಳತಿತ್ತು. ಅವತ್ತ ಬಿಟ್ಟೆ.

ಅಕ್ಕಾರಿಗೆ ಹೇಳೂದು ಬ್ಯಾರೆ ಐತಿ. ನಾ ಬ್ರೆವೆ ಹೊಡಿತೀನ್ರಿ, ಅಂದ್ರ ಗೊತ್ತುಮಾಡಿದ ಹೊತ್ತಿನ್ಯಾಗ ಮುಗಸೂ ದೂರದ ಸೈಕಲ್ ಸವಾರಿ. 300 ಕಿ.ಮೀ. ಅಂದ್ರ 20 ತಾಸಿನ್ಯಾಗ ಮುಗಸಬೇಕು, ಒಂದು ರಾತ್ರಿ ರಸ್ತೆ ಮ್ಯಾಲ ಹೋಗೂದು ಗ್ಯಾರಂಟಿ. ಒಂದು ಸಲ ಯಲ್ಲಾಪುರದ ಕಾಡಿನ್ಯಾಗ ಸರುವೊತ್ತಿನ್ಯಾಗ ಮಳಿ ಹಿಡೀತು. ತುಳಿಯೂತನಾ ಮೈ ಬಿಸಿ, ಜರ್ಕಿನ್ ಒಳಗ ಬೆವರು, ಹೊರಗ ಮಳಿ, ಎರಡಕ್ಕೂ ಫರಕ ಇಲ್ಲ. ಮುಚ್ಚಿದ ಚಾ ಅಂಗಡಿ ತಗಡಿನ ಕೆಳಗ ನಿಂತೆ ನೋಡ್ರಿ, ಐದು ನಿಮಿಷಕ್ಕ ಹಲ್ಲು ಕಟಕಟ. ಬಿಸ್ಕೀಟಿನ ಪುಡಿಕಿ ಬಿಚ್ಚಾಕ ಬೆರಳು ಬರವಲ್ವು. ಬಾಯಿಲೆ ಹರದೆ. ಅವತ್ತ ತಿಳೀತು, ಈ ಜರ್ಕಿನ್ ಇರೂದು ತೊಯ್ಯೂದು ತಪ್ಪಸಾಕಲ್ಲ, ತೊಯ್ದ ಮ್ಯಾಲ ಗಾಳಿ ತಾಗೂದು ತಪ್ಪಸಾಕ.

ಆದ್ದರಿಂದ ನಾ ಈಗ ಇಟ್ಕೊಂಡಿದ್ದು ಬರೇ ತೆಳ್ಳನ ಗಾಳಿ ಜರ್ಕಿನ್. ಮುಷ್ಟ್ಯಾಗ ಹಿಡೀತೈತಿ, ತೂಕ 120 ಗ್ರಾಂ. ನಮ್ಮ ಗದಗಿಗೆ ಅದು ಸಾಕು. ಇಲ್ಲಿ ಮಳಿಗಿಂತ ಗಾಳಿ ಹೆಚ್ಚು, ಕಪ್ಪತಗುಡ್ಡದ ಕಡೆ ಸುಮ್ಮನ ಗಾಳಿಯಂತ್ರ ನಿಂದ್ರಸಿಲ್ಲ. ಧಾರವಾಡದ ಜಿಟಿಜಿಟಿಗೆ ಮಾತ್ರ ಸಾಲೂದಿಲ್ಲ, ಅರ್ಧ ತಾಸಿಗೆ ಸೋರ್ತೈತಿ.

ಮದಲ ಗೋರ್‌ಟೆಕ್ಸ್ ಅರಿವಿ ಮಾಡೂ ಗೋರ್ ಕಂಪನಿಯವರು ಶೇಕ್‌ಡ್ರೈ ಅಂತ ಒಂದು ಅರಿವಿ ಮಾಡ್ತಿದ್ರು. ಮ್ಯಾಲಿನ ಅರಿವೀನ ಇಲ್ಲ, ನೀರು ತಡೆಯೂ ಪದರನ್ನ ಹೊರಗ. ಕೊಡವಿದ್ರ ಒಣಗ್ತಿತ್ತು. ಈಗ ಅದನ್ನ ನಿಲ್ಲಿಸ್ಯಾರ. ಸಿಕ್ರೂ ನಿಮ್ಮ ಮೂರು ಸಾವಿರಕ್ಕ ತೋಳೂ ಬರ್ತಿರಲಿಲ್ಲ ಬಿಡ್ರಿ.

ಹೊಲಿಗಿ ಮಾಮಾ

ತಂಗೀ, ನಾ ಹುಬ್ಬಳ್ಳ್ಯಾಗ ಚೀಲ, ಟೆಂಟು, ರೇನ್‌ಕೋಟ್ ರಿಪೇರಿ ಮಾಡಾಂವ. ಮಂದಿಗೆ ಮಳಿಗಾಲ, ನನಗ ಸುಗ್ಗಿ. ತಂದ ಕೋಟು ಬಿಚ್ಚಿ ನೋಡಿ ನೋಡಿ ಗೊತ್ತಾಗಿದ್ದು ಬರೀತೀನಿ, ಉದ್ದಾದ್ರ ಬೈಬ್ಯಾಡ.

ಅಂಕಿದು ಮದಲ ಮುಗಸೂಣು. 10,000 ಅಂದ್ರ ಮಿಲಿಮೀಟರ್ ಲೆಕ್ಕ. ಅರಿವಿ ಮ್ಯಾಲ ಹತ್ತು ಮೀಟರ್ ಎತ್ತರದ ನೀರಿನ ಕಂಬ ನಿಂದ್ರಸಿದ್ರೂ ಸೋರೂದಿಲ್ಲ ಅಂತ ಅರ್ಥ. ಮಳಿ ಹನಿಗೆ ಅಷ್ಟು ಜೋರು ಎಲ್ಲಿಂದ ಬರಬೇಕು? ಒತ್ತಡ ಬೀಳೂದು ಬ್ಯಾಗಿನ ಪಟ್ಟಿ ಹೆಗಲ ಒತ್ತೂವಲ್ಲಿ, ಹಸಿ ಸೀಟಿನ ಮ್ಯಾಲ ಕುಂತಲ್ಲಿ. ನಿನ್ನ ಚೀಲ ಹ್ಯಾಂಡಲ್ಲಿಗೆ ಐತಿ ಅಂದಿ, ಹಂಗಾರ 5,000 ಸಾಕು. 20,000ಕ್ಕ ರೊಕ್ಕ ಸುರೀಬ್ಯಾಡ.

ನನ್ನ ಕಡೆ ಬರೂ ಕೋಟಿನ್ಯಾಗ ಅರಿವಿ ಸೋರಿದ್ದು ಭಾಳ ಕಡಿಮಿ. ಸೋರೂದೆಲ್ಲಾ ಹೊಲಿಗ್ಯಾಗ. ಸೂಜಿ ಹೊಕ್ಕಲ್ಲೆಲ್ಲಾ ತೂತಲ್ಲೇನು? ಅದಕ್ಕಂತ ಒಳಗಿಂದ ಬೆರಳ ಅಗಲದ ಹೊಳಿಯೂ ಟೇಪ್ ಬಿಸಿ ಮಾಡಿ ಅಂಟಸಿರ್ತಾರ. ಅಂಗಡ್ಯಾಗ ನಾಚಿಕಿ ಬಿಟ್ಟು ಕೋಟು ಒಳಗ ಹೊರಗ ಮಾಡು. ಹೆಗಲ, ಬಗಲ, ಟೊಪ್ಪಿಗಿ ಬುಡ, ಚೈನಿನ ಹಿಂದ, ಎಲ್ಲಾ ಕಡೆ ಟೇಪ್ ಐತಿ ಇಲ್ಲ ನೋಡು. ಕೆಲವರು ಹೆಗಲಿಗಷ್ಟ ಹಚ್ಚಿ ಬಗಲ ಬಿಟ್ಟಿರ್ತಾರ. ಆಮ್ಯಾಲ ಬಗಲ ಕೆಳಗ ಮೂರು ನಾಕು ಹೊಲಿಗಿ ಕೂಡೂ ಜಾಗಾ ಹುಡುಕು. ಅಲ್ಲಿ ಟೇಪ್ ಮ್ಯಾಲ ಟೇಪ್ ಬಿದ್ದು ಗಂಟಾಗಿರ್ತೈತಿ. ಏಳೂದಿದ್ರ ಮದಲ ಏಳೂದು ಅಲ್ಲೇ. ಉಗುರಿನಿಂದ ಮೆಲ್ಲಕ ಎಬ್ಬಸು. ಸುಟ್ಟ ಹಪ್ಪಳದ ಅಂಚಿನಂಗ ಎದ್ದು ಬಂತಂದ್ರ ಅಂಗಡಿಯವನ ಕೈಯಾಗ ಕೊಟ್ಟು ಹೊರಗ ಬಾ.

ಅರ್ಧ ಚಪಾತಿ ಕೇಳಿದಿ. ಹೊರಗ ನೈಲಾನ್ ಇಲ್ಲಾ ಪಾಲಿಯೆಸ್ಟರ್ ಅರಿವಿ ಒಂದು, ಅದರ ಒಳಮೈಗೆ ನೀರು ತಡೆಯೂ ಪದರ ಸೇರಿ ಎರಡು. ಅದರ ಮ್ಯಾಲ ಒಂದು ತೆಳ್ಳನ ಅಸ್ತರ ಅಂಟಸಿದ್ರ ಮೂರು. ಅಸ್ತರದ ಬದ್ಲಿ ಸಣ್ಣ ಚುಕ್ಕಿನೋ ಗೆರಿನೋ ಪ್ರಿಂಟ್ ಹೊಡದ್ರ ಅದು ಅರ್ಧ. ಎರಡೂವರಿದು ಹಗುರ, ಸಣ್ಣಗ ಮಡಚ್ತೈತಿ, ನಿನ್ನ ಚೀಲಕ್ಕ ಅದ ಸರಿ. ಆದ್ರ ಬರೇ ತೋಳಿಗೆ ಕಪ್ಪಿ ಕುಂತಂಗ ತಣ್ಣಗ ಅಂಟ್ತೈತಿ. ಒಳಗ ತುಂಬು ತೋಳಿನ ತೆಳ್ಳನ ಅಂಗಿ ಹಾಕ್ಕೋ.

ಇನ್ನ ಹೊರಮೈ. ಹೊಸಾ ಕೋಟಿನ ಮ್ಯಾಲ ನೀರು ಕೆಸವಿನ ಎಲಿ ಮ್ಯಾಲಿನಂಗ ಗುಂಡಾಗಿ ಉಳ್ಳಾಡ್ತೈತಿ. ಅದು ಅರಿವಿದಲ್ಲ, ಮ್ಯಾಲ ಹಚ್ಚಿದ ಲೇಪದ್ದು. ಧೂಳು, ಬೆವರು, ಎಣ್ಣಿ ಕೂತ್ರ ಆ ಗುಣ ಹೋಗಿ ಅರಿವಿ ನೀರು ಕುಡದು ಕಪ್ಪಗ ಕಾಣ್ತೈತಿ. ಒಳಗಿನ ಪದರ ಸೋರಿರೂದಿಲ್ಲ, ಆದ್ರ ಮೈಗೆ ತಣ್ಣಗ ಹತ್ತಿ ಬೆವರು ಹೊರಗ ಹೋಗದಂಗ ಆಗ್ತೈತಿ, ಮಂದಿ "ಸೋರಾಕತ್ತೈತಿ ಮಾಮಾ" ಅಂತ ತಗೊಂಡು ಬರ್ತಾರ. ಪುಡಿ ಸೋಪು ಬ್ಯಾಡ, ಅರಿವಿ ಘಮಘಮ ಮೆತ್ತಗ ಮಾಡೂ ನೀಲಿ ದ್ರಾವಣ ಬ್ಯಾಡೇ ಬ್ಯಾಡ. ಸೌಮ್ಯ ಲಿಕ್ವಿಡ್ ಸೋಪಿನ್ಯಾಗ ತೊಳದು, ಮೂರು ಸಲ ನೀರಾಗ ಜಾಲಸಿ, ನೆಳ್ಳಾಗ ಒಣಗಸು. ಒಳಗಿನ ಚೀಟಿ ಇಸ್ತ್ರಿ ಬ್ಯಾಡ ಅಂದಿಲ್ಲಂದ್ರ, ಮ್ಯಾಲ ಹತ್ತಿ ಅರಿವಿ ಹಾಸಿ ಕಡಿಮಿ ಶಾಖದಾಗ ಆಡಸು. ಸತ್ತಂಗಾದ ಲೇಪ ಎದ್ದು ಕೂಡ್ತೈತಿ. ಮದಲ ಈ ಲೇಪಕ್ಕ ಪಿಎಫ್‌ಎಎಸ್ ಅನ್ನೂ ಫ್ಲೋರಿನ್ ರಾಸಾಯನಿಕ ಹಾಕ್ತಿದ್ರು. ಅಮೆರಿಕಾದ ಕ್ಯಾಲಿಫೋರ್ನಿಯಾ, ನ್ಯೂಯಾರ್ಕಿನ್ಯಾಗ 2025ರ ಜನವರಿಯಿಂದ ಅರಿವಿಯೊಳಗ ಅದು ಬಂದ್. ಕಂಪನಿಗಳು ಈಗ ಅದಿಲ್ಲದ್ದ ಮಾಡಾಕತ್ತಾವ. ಒಳ್ಳೇದ ಆತು, ಆದ್ರ ಹೊಸ ಲೇಪಕ್ಕ ಎಣ್ಣಿ ಜಿಡ್ಡು ಲಗೂನ ಹಿಡೀತೈತಿ, ತೊಳಿಯೂದು ಹೆಚ್ಚು. ಸೈಕಲ್ ಚೈನಿನ ಗ್ರೀಸ್ ಹತ್ತಿದ ಕೈ ಕೋಟಿಗೆ ಒರಸಬ್ಯಾಡ.

ಕಡೀದೊಂದು. ಹಸಿ ಕೋಟು ಸಣ್ಣ ಚೀಲದಾಗ ತುರುಕಿ ಮರೀಬ್ಯಾಡ. ಮಳಿಗಾಲ ಮುಗದ ಮ್ಯಾಲ ಮಂದಿ ಹಂಗ ಟ್ರಂಕಿನ್ಯಾಗ ಒಗದಿರ್ತಾರ. ಬರೂ ವರ್ಷ ಮಿರಗ ಮಳಿಗೆ ತಗದ್ರ ಒಳಮೈ ಬೆಲ್ಲದ ಪಾಕದಂಗ ಅಂಟಂಟು, ಬಿಡಿಸಿದ್ರ ಚರ್ರಂತ ಸದ್ದಾಗಿ ಬಿಳಿ ಹೊಟ್ಟು ಉದುರ್ತೈತಿ. ಪಾಲಿಯುರೆಥೇನ್ ಲೇಪ ಹಸಿ ಮತ್ತ ಶಕಿ ಕೂಡಿದ್ರ ಹಂಗ ಒಡೀತೈತಿ. ಟೇಪ್ ಕಿತ್ರ ನಾ ಹಚ್ಚಿ ಕೊಡ್ತೀನಿ, ಚೈನು ಹೋದ್ರ ಹಾಕ್ತೀನಿ, ಇದಕ್ಕ ಮಾತ್ರ ನನ್ನ ಕಡೆ ಔಷಧ ಇಲ್ಲ.

ಮಾಳಮಡ್ಡಿ ಸೈಕಲ್

ಮಾಮಾರ, ನಿಮ್ಮ ಕೈ ಎಲ್ಲೈತ್ರಿ, ಮುಗೀತೀನಿ. ಒಂದು ವರ್ಷದಿಂದ ಓದಿದ್ರೂ ಇಷ್ಟು ತಿಳದಿರಲಿಲ್ಲ.

"ಉಸಿರಾಡೂ ಅರಿವಿ" ಅಂತಾರಲ್ಲಾ, ಅದರ ಲೆಕ್ಕ ನಿನ್ನೆ ಲ್ಯಾಬಿನ ಬೋರ್ಡ್ ಮ್ಯಾಲ ಹಾಕಿದೆ. ಒಂದು ಜರ್ಕಿನ್ನಿಗೆ 10,000 ಗ್ರಾಂ ಅಂತ ಬರದಿತ್ತು. ಒಂದು ಚದರ ಮೀಟರ್ ಅರಿವಿಯಿಂದ 24 ತಾಸಿನ್ಯಾಗ ಹೊರಗ ಹೋಗೂ ಆವಿ ಅದು. ತಾಸಿಗೆ 400 ಗ್ರಾಂ ಚಿಲ್ಲರೆ. ಜೋರ ತುಳದ್ರ ಮನಷಾ ತಾಸಿಗೆ ಒಂದು ಲೀಟರ್ ತನಾ ಬೆವರ್ತಾನ. ಕಂಪನಿ ಅಂಕಿ ಖರೆ ಅಂತ ಹಿಡದ್ರೂ ಅರ್ಧಕ್ಕ ಬಂದು ನಿಂದರ್ತೈತಿ. ಅಷ್ಟಕ್ಕ ಮುಗೀಲಿಲ್ಲ. ಆವಿ ಹೊರಗ ಹೋಗಬೇಕಂದ್ರ ಒಳಗಿನ ಆವಿ ಒತ್ತಡ ಹೊರಗಿಂದಕ್ಕಿಂತ ಹೆಚ್ಚಿರಬೇಕಲ್ಲಾ. ಬೆವತ ಮೈ ಹತ್ರ 34 ಡಿಗ್ರಿ, ಅಂದ್ರ 5.3 ಕಿಲೋಪಾಸ್ಕಲ್. ಯುರೋಪಿನ 5 ಡಿಗ್ರಿ ಮಳ್ಯಾಗ ಹೊರಗ 0.9. ನಮ್ಮ ಆಷಾಢದ 23 ಡಿಗ್ರಿ ಮಳ್ಯಾಗ 2.8. ತಳ್ಳೂ ಜೋರು ಅಲ್ಲಿ 4.4, ಇಲ್ಲಿ 2.5. ಅದ ಜರ್ಕಿನ್, ಅದ ರೊಕ್ಕ, ಕೆಲಸ ಅರ್ಧಕ್ಕಿಂತ ಚೂರು ಹೆಚ್ಚು. ಆ ದೇಶದವರು ಬರದ ರಿವ್ಯೂ ಓದಿ ನಾವು ತಗೊಂಡ್ರ ಇಡ್ಲಿ ಪಾತ್ರೆನ ಗತಿ.

ಹಂಗಾರ ಗಾಳಿ ಆಡಾಕ ಬಗಲ ಕೆಳಗ ಚೈನು ಇರೂವಂಥಾದ್ದು ನೋಡ್ಲ್ಯಾ? ಟೊಪ್ಪಿಗಿ ಬೇಕೋ ಬ್ಯಾಡೋ?

ಗದಗಿನ ಗಾಳಿ

ಲೆಕ್ಕಕ್ಕ ನಮಸ್ಕಾರ್ರಿ ಅಕ್ಕಾರ. ನಾ ಯಲ್ಲಾಪುರದಾಗ ನಡಗಿ ಕಲತಿದ್ದನ್ನ ನೀವು ಬೋರ್ಡ್ ಮ್ಯಾಲ ಕಲತ್ರಿ.

ಬಗಲ ಚೈನು ಇದ್ರ ಬಿಡಬ್ಯಾಡ್ರಿ. ಮುಂದಿನ ಚೈನು ಕೆಳಗಿಂದನೂ ತೆರಿಯೂವಂಥಾದ್ದು ಸಿಕ್ರ ಇನ್ನೂ ಚಲೋ. ಟೊಪ್ಪಿಗಿ ಹೆಲ್ಮೆಟ್ ಮ್ಯಾಲ ಬಂದ್ರ ಹಿಂದ ತಿರುಗಿ ನೋಡಿದಾಗ ಕಣ್ಣಿಗೆ ಅದರ ಒಳಮೈನ ಕಾಣೂದು, ಲಾರಿ ಕಾಣೂದಿಲ್ಲ. ಹೆಲ್ಮೆಟ್ ಕೆಳಗ ಹೋಗೂ ತೆಳ್ಳನ್ದು ಇರಲಿ, ಇಲ್ಲಾ ಬಿಚ್ಚಿ ಇಡೂವಂಥಾದ್ದು. ಅಂಗಡ್ಯಾಗ ಸೆಟದು ನಿಂತು ಕನ್ನಡಿ ನೋಡಬ್ಯಾಡ್ರಿ. ಹ್ಯಾಂಡಲ್ ಹಿಡದಂಗ ಬಗ್ಗಿ ಎರಡೂ ಕೈ ಮುಂದ ಚಾಚ್ರಿ. ಮುಂಗೈ ಹೊರಗ ಬಂತು, ಬೆನ್ನು ಕಂಡ್ತು ಅಂದ್ರ ಬ್ಯಾಡ. ಚಾರಣದ ಜರ್ಕಿನ್ನಿಗೂ ಸೈಕಲ್ಲಿಂದಕ್ಕೂ ಇರೂ ಫರಕ ಅದ, ಬೆನ್ನ ಕಡೆ ಒಂದು ಗೇಣು ಉದ್ದ.

ಇನ್ನೊಂದು ಕೇಳ್ರಿ, ನಗಬ್ಯಾಡ್ರಿ. ನೀವು ಮುಂಜಾನೆ ಧಾರವಾಡದಿಂದ ಇಳೀತೀರಿ, ಮಳಿಗಾಲದ ಪಡುವಣ ಗಾಳಿ ಬೆನ್ನ ಹಿಂದ. ಬೆವರು ಕಡಿಮಿ, ತೊಯ್ದ ಮೈಲೆ ಕಾಲೇಜಿನ ಫ್ಯಾನಿನ ಕೆಳಗ ಕೂಡಬೇಕು. ಹಾಕ್ಕೋರಿ. ಸಂಜೀಕ ಏರು, ಎದರಾ ಗಾಳಿ, ಹೆಂಗೂ ಮನಿ ಕಡೆ. ಹಾಕ್ಕೋಬ್ಯಾಡ್ರಿ. ಹೆಂಗಿದ್ರೂ ತೊಯ್ತೀರಿ, ಉಪ್ಪು ನೀರಾಗ ಯಾಕ, ಸಿಹಿ ನೀರಾಗ ತೊಯ್ರಿ. ಮನಿ ಮುಟ್ಟಿ ಬಿಸಿನೀರು ಹಾಕ್ಕೊಂಡ್ರಾತು. ರಾತ್ರಿ ಆತು, ಗುಡುಗು ಬಂತು, ಪಂಕ್ಚರ್ ಆಗಿ ನಿಂದ್ರೂದಾತು ಅಂದ್ರ ಮಾತ್ರ ಚೀಲದಿಂದ ತಗೀರಿ.

ಹಾವೇರಿ ಕಂಬಳಿ

ಇದನ್ನೆಲ್ಲಾ ಓದಿ ನಮ್ಮ ಅಜ್ಜನ ನೆನಪಾತು. ಕಂಬಳಿ ಕೊಪ್ಪಿ ಹಾಕ್ಕೊಂಡು ದಿನವಿಡೀ ಕುರಿ ಹಿಂದ ಮಳ್ಯಾಗ ನಿಂದರ್ತಿದ್ದ. ರಾಣೇಬೆನ್ನೂರ ಕಡೆ ಮೆಡ್ಲೇರಿಯೊಳಗ ನೇಯ್ದದ್ದು. ಉಣ್ಣೆ ತನ್ನ ತೂಕದ ಸುಮಾರು ಮೂರರಾಗ ಒಂದು ಪಾಲು ಹಸಿ ಹೀರಿದ್ರೂ ಮೈಗೆ ಹಸಿ ಅನಸೂದಿಲ್ಲ. ಹಂಗಂತ ಸೈಕಲ್ ಮ್ಯಾಲ ಕಂಬಳಿ ಹಾಕ್ಕೋರಿ ಅನ್ನೂದಿಲ್ರಿ, ತೊಯ್ದ ಕಂಬಳಿ ಎತ್ತಾಕ ಇಬ್ರು ಬೇಕು. ತೆಳ್ಳನ ಉಣ್ಣೆ ಬನಿಯನ್ ಜರ್ಕಿನ್ ಒಳಗ ಹಾಕಿ ನೋಡ್ರಿ. ಹತ್ತಿ ಬ್ಯಾಡ.

ಮತ್ತ ಬಣ್ಣ ಹಳದಿ ಇರಲಿ. ಅಂಗಡಿಯವರು ಮದಲ ಕರೇದ ತಗದು ತೋರಸ್ತಾರ.

ಮಾಳಮಡ್ಡಿ ಸೈಕಲ್

ಪುಷ್ಯ ಮಳಿ ಹತ್ತೇತಿ, ಈಗ ವರದಿ ಒಪ್ಪಸ್ತೀನಿ.

ಎರಡೂವರಿ ಲೇಯರಿಂದ ತಗೊಂಡೆ. ಹಳದಿ, ಬಗಲಿಗೆ ಚೈನು ಐತಿ, ಟೊಪ್ಪಿಗಿ ಇಲ್ಲ. 2,600 ರೂಪಾಯಿ. ಚೀಟಿ ಮ್ಯಾಲ 210 ಗ್ರಾಂ ಅಂತ ಇತ್ತು, ಲ್ಯಾಬಿನ ತಕ್ಕಡಿ 228 ತೋರಸ್ತು. ಮಡಚಿದ್ರ ದೊಡ್ಡ ಪೇರಲ ಹಣ್ಣಿನಷ್ಟ. ನವಲೂರ ಪೇರಲ ಅನ್ಕೋರಿ.

ಮಳಿಗೆ ಒಯ್ಯೂಕಿಂತ ಮದಲ ಪರೀಕ್ಷೆ ಮಾಡಿದೆ. ಒಳಗ ಒಣಾ ಅಂಗಿ, ಅಂಗಿಗೆ ಹೆಗಲ, ಎರಡೂ ಬಗಲ, ಕಾಲರ್, ಮುಂಗೈ ಹತ್ರ ಫಿಲ್ಟರ್ ಪೇಪರಿನ ಚೂರು ಪಿನ್ ಹಚ್ಚಿ, ಜರ್ಕಿನ್ ಹಾಕ್ಕೊಂಡು ಬಚ್ಚಲದಾಗ ಶವರ್ ಕೆಳಗ ಹತ್ತು ನಿಮಿಷ ನಿಂತೆ. ಕುಣೀಲಿಲ್ಲ, ಬೆವರಬಾರದು ನೋಡ್ರಿ. ಬಿಚ್ಚಿ ನೋಡಿದ್ರ ಎಡ ಬಗಲಿನ ಪೇಪರ್ ಒಂದ ಪೂರ್ತಿ ಹಸಿ, ಉಳಿದವೆಲ್ಲಾ ಗರಿಗರಿ. ಒಳಗ ಹೊರಗ ಮಾಡಿದೆ. ಮಾಮಾರು ಹೇಳಿದ ಜಾಗಾನ! ನಾಕು ಹೊಲಿಗಿ ಕೂಡೂವಲ್ಲಿ ಟೇಪ್ ಒಂದು ಸಾಸವಿ ಕಾಳಿನಷ್ಟು ಎದ್ದಿತ್ತು. ಅಂಗಡ್ಯಾಗ ಉಗುರಿಂದ ನೋಡಿದ್ದೆ, ಬಲ ಬಗಲಷ್ಟ ನೋಡಿದ್ನೇನೋ. ಹಸಿ ಪೇಪರ್ ಸಮೇತ ವಾಪಸ್ ಒಯ್ದೆ. ಅಂಗಡಿ ಹುಡುಗ ಪೇಪರ್ ನೋಡಿದ, ನನ್ನ ನೋಡಿದ, ಒಂದು ಮಾತು ಆಡದ ಬ್ಯಾರೆ ಕೊಟ್ಟ. ಎರಡನೇದು ಪಾಸ್.

ಮುಂಜಾನೆ ಹಾಕ್ಕೊಂಡು ಹೊಂಟ್ರ ಕಾಲೇಜ್ ಮುಟ್ಟೂದ್ರಾಗ ಮುಂಗೈ, ಕಾಲರ್ ಅಷ್ಟ ಹಸಿ. ಸಂಜೀಕ ಗದಗಿನ ಅಣ್ಣಾರ ಮಾತು ಕೇಳಿ ಹಂಗ ತೊಯ್ಸಿಕೊಂಡು ಬರ್ತೀನಿ. ಖರೇನ ಆರಾಮ ಐತಿ. ಮದಲನೇ ದಿನ ಅತ್ತಿ ಬಾಗಲದಾಗ ನಿಂತು, "ಸಾವಿರಗಟ್ಟಲೆ ಕೊಟ್ಟು ಕೋಟು ತಂದು ಚೀಲದಾಗ ಇಟ್ಕೊಂಡು ತೊಯ್ದು ತೊಪ್ಪಿ ಆಗಿ ಬಂದ್ಯಾ" ಅಂದ್ರು. ಕಿಲೋಪಾಸ್ಕಲ್ ಲೆಕ್ಕ ಹೇಳಾಕ ಹೋಗಿದ್ದೆ. ಟವೆಲ್ ಮಾರಿಗೆ ಒಗದು ಒಳಗ ಹ್ವಾದ್ರು.

ಯಾರೂ ಹೇಳದಿದ್ದು ಒಂದು ಉಳದಿತ್ತು, ಹಿಂದಿನ ಗಾಲಿಯಿಂದ ಹಾರೂ ರಾಡಿ. ಮ್ಯಾಲಿಂದ ಬರೂ ನೀರಿಗಿಂತ ಕೆಳಗಿಂದ ಬರೂದ ಹೆಚ್ಚು. ಹಳೇ ಎಣ್ಣಿ ಕ್ಯಾನ್ ಕತ್ತರಿಸಿ ಮಡ್‌ಗಾರ್ಡಿಗೆ ಉದ್ದನ ನಾಲಿಗಿ ಕಟ್ಟೀನಿ. ರಸ್ತೆ ಅಗದಲ್ಲಿ ಮಾತ್ರ ಎರಿ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವ ಸಿಕ್ಕು ಸೈಕಲ್ ಗಚ್ಚನ ನಿಂದರ್ತೈತಿ, ಒಂದು ಕಡ್ಡಿ ಜೋಡಿ ಇಟ್ಕೊಂಡ ಹೋಗ್ತೀನಿ.

ಮತ್ತ ಹ್ವಾದ ಶನಿವಾರ ಜರ್ಕಿನ್ ಹುಡುಕಿದ್ರ ಇಲ್ಲ. ಅತ್ತಿ ಹಾಕ್ಕೊಂಡು ನುಗ್ಗಿಕೇರಿ ಹನಮಪ್ಪಗ ಹೋಗಿದ್ರು. "ಹಗುರ ಐತಿ, ಸೆರಗಿಗೆ ತೊಡಕಿಲ್ಲ" ಅಂದ್ರು. ಸೋಮವಾರ ಮುಂಜಾನೆ ಉಣಕಲ್ ಹತ್ರ ಕಿಸೇದಾಗ ಕೈ ಹಾಕಿದ್ರ ಎರಡು ಕೊಬ್ಬರಿ ಚೂರು, ಒಂದಿಷ್ಟು ಕುಂಕುಮ. ಮಾಮಾರ, ಕುಂಕುಮ ತೊಳಿಯಾಕ ಯಾವ ಸೋಪ್ರಿ?